ಗಾಳಿಕೋವಿ

ಗಾಳಿಕೋವಿ ಅಥವಾ ಏರ್‌ಗನ್ ಎಂದರೆ ಮದ್ದಿನ ಬದಲಿಗೆ ಒತ್ತಡಕ್ಕೊಳಗಾದ ಗಾಳಿಯ ಬಲದಿಂದ ಚರೆಯನ್ನು ಹಾರಿಸುವ ಸಾಧನ. ಮಲೆನಾಡಿನ ಮಕ್ಕಳ ಬಿದಿರಿನ ಪೆಟ್ಲಿನಿಂದ ಒಲಿಂಪಿಕ್ ಸ್ಪರ್ಧೆಯ ರೈಫಲ್‌ವರೆಗೆ ಇದರ ಹಲವು ರೂಪಗಳಿವೆ. ಇವುಗಳ ತತ್ತ್ವ ಒಂದೇ ಆದರೂ ಶಕ್ತಿ, ಅಪಾಯ ಮತ್ತು ಕಾನೂನಿನ ದೃಷ್ಟಿಯಲ್ಲಿ ಬಹಳ ಭಿನ್ನವಾಗಿವೆ.

ತತ್ತ್ವ

ಉಷ್ಣತೆ ಬದಲಾಗದಿದ್ದರೆ, ಮುಚ್ಚಿದ ಜಾಗದಲ್ಲಿರುವ ಗಾಳಿಯ ಗಾತ್ರ ಕುಗ್ಗಿದಷ್ಟೂ ಅದರ ಒತ್ತಡ ಹೆಚ್ಚುತ್ತದೆ. ಇದು ಬಾಯ್ಲನ ನಿಯಮ. ಹೀಗೆ ಒತ್ತಿದ ಗಾಳಿಗೆ ನಳಿಗೆಯ ಕಡೆ ದಾರಿ ದೊರೆತಾಗ ಅದು ಹಿಗ್ಗುತ್ತಾ ಚರೆಯನ್ನು ಮುಂದಕ್ಕೆ ತಳ್ಳುತ್ತದೆ.

ಪೆಟ್ಲು

ಪೆಟ್ಲು ಈ ತತ್ತ್ವದ ಸರಳ ಉದಾಹರಣೆ. ಗಂಟಿಲ್ಲದ ಸಣ್ಣ ಬಿದಿರಿನ ಕೊಳವೆ ಮತ್ತು ಅದರೊಳಗೆ ಆಡುವ ನೂಕುಕೋಲು ಇದರ ಭಾಗಗಳು. ಜುಮ್ಮನಕಾಯಿಯಂತಹ ಹಸಿ ಕಾಯಿಯೊಂದನ್ನು ಕೊಳವೆಯ ತುದಿಯವರೆಗೆ ತಳ್ಳಿ, ಹಿಂದಿನಿಂದ ಮತ್ತೊಂದನ್ನು ನೂಕಿದಾಗ ಎರಡರ ನಡುವಿನ ಗಾಳಿ ಒತ್ತಲ್ಪಡುತ್ತದೆ. ಮುಂದಿನ ಕಾಯಿ 'ಪಟ್' ಎಂಬ ಸದ್ದಿನೊಂದಿಗೆ ಹಾರುತ್ತದೆ. ಹಿಂದಿನ ಕಾಯಿ ಅದರ ಸ್ಥಾನಕ್ಕೆ ಬರುತ್ತದೆ. ಛತ್ತೀಸಗಢದ ಬಸ್ತರ್‌ನಲ್ಲಿ ಗೋಂಚಾ ಹಬ್ಬದಂದು ಬಳಸುವ 'ತುಪಕಿ' ಇದೇ ಬಗೆಯದು.

ವಿಧಗಳು ಮತ್ತು ಇತಿಹಾಸ

ಸ್ಪ್ರಿಂಗ್ ಕೋವಿಯಲ್ಲಿ ಸ್ಪ್ರಿಂಗ್‌ನಿಂದ ಚಿಮ್ಮುವ ಪಿಸ್ಟನ್ ಗಾಳಿಯನ್ನು ಒತ್ತುತ್ತದೆ. ಪಂಪ್ ಕೋವಿಯಲ್ಲಿ ಕೈಯಿಂದ ಗಾಳಿ ತುಂಬಲಾಗುತ್ತದೆ. ಮೂರನೆಯ ಬಗೆಯಲ್ಲಿ ಮೊದಲೇ ತುಂಬಿಟ್ಟ ಸಿಲಿಂಡರಿನಿಂದ ಕವಾಟದ ಮೂಲಕ ಗಾಳಿಯನ್ನು ಬಿಡಲಾಗುತ್ತದೆ. 1780ರ ಸುಮಾರಿಗೆ ಆಸ್ಟ್ರಿಯಾದ ಸೈನ್ಯ ಸೇರಿದ ಜಿರಾರ್ಡೋನಿ ರೈಫಲ್‌ನಲ್ಲಿ ಕೋವಿಯ ಹಿಡಿಯೇ ಗಾಳಿಯ ತೊಟ್ಟಿಯಾಗಿತ್ತು. ಅಮೆರಿಕದ ಮಿಶಿಗನ್ ರಾಜ್ಯದ ಪ್ಲಿಮತ್‌ನಲ್ಲಿ ಗಾಳಿಯಂತ್ರ ತಯಾರಿಸುತ್ತಿದ್ದ ಕಂಪನಿಯೊಂದು 1888ರಲ್ಲಿ 'ಡೈಸಿ' ಗಾಳಿಕೋವಿಯನ್ನು ತಂದಿತು. 'ಬಿಬಿ' ಎಂಬುದು ಮೂಲತಃ ಚರೆಯ ಒಂದು ಅಳತೆಯ ಹೆಸರು. ಇಂದಿನ ಬಿಬಿ ಉಕ್ಕಿನ ಗುಂಡು. ಮೆದು ಸೀಸದ ಚರೆ ಗಟ್ಟಿ ವಸ್ತುವಿಗೆ ತಗುಲಿ ಚಪ್ಪಟೆಯಾದರೆ, ಉಕ್ಕಿನ ಗುಂಡು ಪುಟಿದು ಹಾರಿಸಿದವನ ಕಡೆಗೇ ಮರಳಬಹುದು. ಆದ್ದರಿಂದ ಕಣ್ಣಿನ ರಕ್ಷಣೆ ಅತ್ಯಗತ್ಯ.

ಸ್ವಂತ ತಯಾರಿಕೆ ಮತ್ತು ಅಪಾಯ

ಲೇತ್, ಡ್ರಿಲ್ಲಿಂಗ್ ಮತ್ತು ಮಿಲ್ಲಿಂಗ್ ಯಂತ್ರಗಳ ಕೆಲಸ ಬಲ್ಲವರಿಗೆ ಗಾಳಿಕೋವಿಯ ಭಾಗಗಳನ್ನು ಕೊರೆಯುವುದು ಸುಲಭವೆಂದು ತೋರಬಹುದು. ಆದರೆ ಕೈಚಳಕವೊಂದೇ ಇಲ್ಲಿ ಸಾಲದು. ಒತ್ತಿದ ಗಾಳಿ ಶಕ್ತಿಯ ಭಂಡಾರ; ಗುಣಮಟ್ಟ ತಿಳಿಯದ ಕೊಳವೆ, ಸಡಿಲವಾದ ಮರೆ ಅಥವಾ ದೋಷವಿರುವ ಬೆಸುಗೆ ಒತ್ತಡ ತಾಳದೆ ಸಿಡಿದರೆ ಲೋಹದ ಚೂರುಗಳು ಸುತ್ತಲೂ ಹಾರುತ್ತವೆ. ಚರೆಯ ವೇಗವನ್ನು ಅಳೆಯದೆ ಕೋವಿಯ ಶಕ್ತಿ ಎಷ್ಟೆಂಬುದೂ ತಿಳಿಯದು. ಅರ್ಧ ಗ್ರಾಂ ತೂಕದ ಚರೆ ಸೆಕೆಂಡಿಗೆ 200 ಮೀಟರ್ ವೇಗದಲ್ಲಿ ಹೊರಟರೆ ಅದರ ಶಕ್ತಿ 10 ಜೂಲ್. ವೇಗ 283 ಮೀಟರಿಗೆ ಏರಿದರೆ ಶಕ್ತಿ ಸುಮಾರು 20 ಜೂಲ್. ವೇಗದ ಏರಿಕೆ ಅರ್ಧಪಟ್ಟಿಗೂ ಕಡಿಮೆಯಾದರೂ ಶಕ್ತಿ ಇಮ್ಮಡಿಯಾಗುತ್ತದೆ. ಶಾಲೆಯಲ್ಲಿ ತತ್ತ್ವವನ್ನು ತೋರಿಸಲು ಸೂಜಿಯಿಲ್ಲದ ಸಿರಿಂಜ್ ಅಥವಾ ಸೈಕಲ್ ಪಂಪ್ ಸಾಕು.

ಕಾನೂನು

ಭಾರತದಲ್ಲಿ 1959ರ ಆಯುಧ ಕಾಯ್ದೆ ಮತ್ತು 2016ರ ಆಯುಧ ನಿಯಮಗಳು ಗಾಳಿಕೋವಿಗೂ ಅನ್ವಯಿಸುತ್ತವೆ. ನಳಿಗೆಯ ತುದಿಯಲ್ಲಿ 20 ಜೂಲ್‌ಗಿಂತ ಹೆಚ್ಚು ಶಕ್ತಿ ಅಥವಾ 4.5 ಮಿ.ಮೀ.ಗಿಂತ ದೊಡ್ಡ ರಂಧ್ರವುಳ್ಳ ಕೋವಿಯನ್ನು ಹೊಂದಲು ಪರವಾನಗಿ ಬೇಕು. ಆಯುಧಗಳ ತಯಾರಿಕೆ ಮತ್ತು ಮಾರಾಟವನ್ನು ಕಾಯ್ದೆಯ 5ನೇ ಸೆಕ್ಷನ್ ನಿಯಂತ್ರಿಸುತ್ತದೆ. ಆದ್ದರಿಂದ ಕೊಳ್ಳಲು ಪರವಾನಗಿ ಬೇಡವೆಂಬ ಕಾರಣಕ್ಕೆ ಮನೆಯಲ್ಲಿ ತಯಾರಿಸಬಹುದೆಂದು ತಿಳಿಯುವುದು ಸರಿಯಲ್ಲ.

ವನ್ಯಜೀವಿಗಳು

ಪರವಾನಗಿ ಬೇಡದ ಕೋವಿಯಿಂದಲೂ ಬೇಟೆಯಾಡುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದನ್ನು ನಿಷೇಧಿಸಿದೆ. ಚಿಕ್ಕಮಗಳೂರು ಜಿಲ್ಲೆಯ ತರೀಕೆರೆ, ಕಡೂರು ಮತ್ತು ಅಜ್ಜಂಪುರ ತಾಲ್ಲೂಕುಗಳಲ್ಲಿ ಈ ಮಾತಿಗೆ ವಿಶೇಷ ಮಹತ್ವವಿದೆ. ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯ ಕಾಡು ಭದ್ರಾ ಹುಲಿ ಸಂರಕ್ಷಿತ ಪ್ರದೇಶದ ಭಾಗ. ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲು ಕೃಷ್ಣಮೃಗಗಳ ನೆಲೆಯಾಗಿದ್ದು, 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು. ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರವಿರುವ ಅಜ್ಜಂಪುರದ ಸುತ್ತಲೂ ಇಂತಹ ಹುಲ್ಲುಗಾವಲುಗಳಿವೆ. ಅರುಣಾಚಲ ಪ್ರದೇಶದಲ್ಲಿ ಹಕ್ಕಿಗಳ ಬೇಟೆಯನ್ನು ತಡೆಯಲು 2021ರಲ್ಲಿ ಗಾಳಿಕೋವಿಗಳನ್ನು ಸ್ವಇಚ್ಛೆಯಿಂದ ಒಪ್ಪಿಸುವ ಅಭಿಯಾನ ಆರಂಭವಾಯಿತು.

ಕ್ರೀಡೆ

10 ಮೀಟರ್ ಏರ್ ರೈಫಲ್ 1984ರಲ್ಲಿ ಒಲಿಂಪಿಕ್ಸ್ ಸೇರಿತು. 2008ರಲ್ಲಿ ಅಭಿನವ್ ಬಿಂದ್ರಾ ಇದರಲ್ಲಿಯೇ ಭಾರತಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಚಿನ್ನ ತಂದರು. ಕರ್ನಾಟಕದ ಟಿ. ಎಸ್. ದಿವ್ಯಾ 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದ 10 ಮೀಟರ್ ಏರ್ ಪಿಸ್ತೂಲ್ ಮಿಶ್ರ ತಂಡ ವಿಭಾಗದಲ್ಲಿ ಸರಬ್ಜೋತ್ ಸಿಂಗ್ ಅವರೊಂದಿಗೆ ಬೆಳ್ಳಿ ಪದಕ ಗಳಿಸಿದರು.