ಕಲಬುರಗಿಯ ಸರ್ಕಾರಿ ಬಸ್ಸು: ಕಾನೂನು, ಕಾಸು, ಜೀವ

ಬೀದರಿನಿಂದ ಹುಮನಾಬಾದ್, ಕಮಲಾಪುರ ದಾಟಿ ಬರುವ ಹೆದ್ದಾರಿ ಕಲಬುರಗಿಗೇ ಮುಗಿಯುವುದಿಲ್ಲ. ಮುಂದೆ ಭೀಮಾ ನದಿ ದಾಟಿ ಜೇವರ್ಗಿಗೆ ಹೋಗುತ್ತದೆ. ನಗರದ ಜೇವರ್ಗಿ ಕಾಲೋನಿಯಿಂದ ಹಿಡಿದು ಕಮಲಾಪುರದ ಕೆಂಪು ಬಾಳೆ ಬೆಳೆಗಾರರವರೆಗೆ ಈ ರಸ್ತೆಯ ಬಸ್ಸನ್ನು ನಂಬಿದವರು ಸಾವಿರಾರು ಮಂದಿ. ಆದರೂ ಈ ಭಾಗದ ಸರ್ಕಾರಿ ಸಾರಿಗೆ ಮೈಸೂರು ಸೀಮೆಯದಕ್ಕಿಂತ ಹದಿನಾರು ವರ್ಷ ಹಳೆಯದು ಎಂಬುದನ್ನು ಇಲ್ಲಿನವರೇ ಮರೆತಿದ್ದಾರೆ.

ಕಲಬುರಗಿ ಆಗ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಮುಂಬೈ–ಮದ್ರಾಸ್ ರೈಲು ಹಳಿ 1871ರಲ್ಲೇ ಈ ಊರಿನ ಮೇಲೆ ಹಾದುಹೋಗಿತ್ತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮನ ಹಳಿ ಕವಲೊಡೆಯಿತು. ಹಳಿಯಿಂದ ದೂರವಿದ್ದ ಊರುಗಳಿಗೆ ಎತ್ತಿನ ಗಾಡಿಯೇ ಗತಿ. 1930ರಲ್ಲಿ ನಿಜಾಮ ಸರ್ಕಾರ ಆ ರೈಲ್ವೆಯನ್ನು ಕಂಪನಿಯಿಂದ ತನ್ನ ಕೈಗೆ ತೆಗೆದುಕೊಂಡಿತು. ಆ ಹೊತ್ತಿಗೆ ದೇಶದೆಲ್ಲೆಡೆ ಖಾಸಗಿ ಮೋಟಾರುಗಳು ರೈಲಿನ ಪ್ರಯಾಣಿಕರನ್ನು ಸೆಳೆಯತೊಡಗಿದ್ದವು. ಹೈದರಾಬಾದ್ ಕಂಡುಕೊಂಡ ದಾರಿಯೇ ಬೇರೆ. 1932ರ ಜೂನ್ 15ರಂದು ರೈಲ್ವೆಯೇ ತನ್ನೊಳಗೊಂದು ರಸ್ತೆ ಸಾರಿಗೆ ವಿಭಾಗ ತೆರೆದು, 27 ಬಸ್ಸು, 166 ನೌಕರರೊಂದಿಗೆ ಓಡಾಟ ಶುರುಮಾಡಿತು. ದೇಶದಲ್ಲಿ ಸರ್ಕಾರಿ ಒಡೆತನದ ರಸ್ತೆ ಸಾರಿಗೆಯ ಆರಂಭವೆಂದು ಹೇಳುವುದು ಇದನ್ನೇ. ಮೈಸೂರು ಸರ್ಕಾರದ ಸಾರಿಗೆ ಇಲಾಖೆ 120 ಬಸ್ಸುಗಳೊಂದಿಗೆ ಹುಟ್ಟಿದ್ದು 1948ರ ಸೆಪ್ಟೆಂಬರ್ 12ರಂದು. ಅದಾದ ಐದೇ ದಿನಕ್ಕೆ ಹೈದರಾಬಾದ್ ಭಾರತಕ್ಕೆ ಸೇರಿತು.

ಸ್ವತಂತ್ರ ಭಾರತದಲ್ಲಿ ಪ್ರಶ್ನೆ ಬೇರೆಯಾಯಿತು. ಸರ್ಕಾರ ಬಸ್ಸು ಓಡಿಸಬಹುದು, ಸರಿ. ಖಾಸಗಿಯವರನ್ನು ಹೊರಗಿಟ್ಟು ತಾನೊಬ್ಬನೇ ಓಡಿಸಬಹುದೇ? ಉತ್ತರ ಪ್ರದೇಶದ ಬಸ್ ಮಾಲೀಕರ ಮೊಕದ್ದಮೆಯಲ್ಲಿ ಅಲಹಾಬಾದ್ ಹೈಕೋರ್ಟ್ ಮಾಲೀಕರ ಪರ ನಿಂತಿತು. 1951ರಲ್ಲಿ ಸಂವಿಧಾನದ ಮೊದಲ ತಿದ್ದುಪಡಿಯೇ ಬಂದು, ವ್ಯಾಪಾರದಲ್ಲಿ ಸರ್ಕಾರದ ಏಕಸ್ವಾಮ್ಯಕ್ಕೆ ರಕ್ಷಣೆ ಕೊಟ್ಟಿತು. ಅದೇ ವರ್ಷ ನವೆಂಬರ್ 1ರಂದು ಹೈದರಾಬಾದಿನ ಬಸ್ಸುಗಳು ರೈಲ್ವೆಯ ಕೈಬಿಟ್ಟು ರಾಜ್ಯ ಸರ್ಕಾರದ ಪಾಲಾದವು. ಐದು ವರ್ಷಕ್ಕೆ ರಾಜ್ಯವೇ ಒಡೆಯಿತು: ತೆಲಂಗಾಣ ಆಂಧ್ರಕ್ಕೆ, ಮರಾಠವಾಡ ಮುಂಬೈಗೆ, ಕಲಬುರಗಿ–ಬೀದರ್–ರಾಯಚೂರು ಮೈಸೂರಿಗೆ. ಬಸ್ಸುಗಳೂ ಡಿಪೋಗಳೂ ಮೂರು ದಿಕ್ಕಿಗೆ ಹಂಚಿಹೋದವು.

1961ರ ಆಗಸ್ಟ್‌ನಲ್ಲಿ ಹುಟ್ಟಿದ ಮೈಸೂರು ರಾಜ್ಯ ರಸ್ತೆ ಸಾರಿಗೆ ನಿಗಮಕ್ಕೆ ಆಧಾರ 1950ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆ. ಇವತ್ತಿನ ಜಗಳಗಳ ಬೇರು ಇರುವುದು ಇದರಲ್ಲೇ. ಜನರಿಗೆ ಸಾಕಷ್ಟು ಬಸ್ಸು, ಮಿತವ್ಯಯದಲ್ಲಿ, ದಕ್ಷವಾಗಿ ಒದಗಿಸಬೇಕು ಎನ್ನುತ್ತದೆ 18ನೇ ಕಲಮು. ನಿಗಮ ವ್ಯಾಪಾರದ ಸೂತ್ರಗಳಂತೆ ನಡೆಯಬೇಕು ಎನ್ನುತ್ತದೆ 22ನೇ ಕಲಮು. ಬಂಡವಾಳ ಕೇಂದ್ರ, ರಾಜ್ಯ ಎರಡೂ ಹಾಕಬಹುದು. ಆದರೆ ದಿನಕ್ಕೊಂದೇ ಸಲ ಹೋಗಿ ಬರುವ ಹಳ್ಳಿ ಬಸ್ಸಿನ ನಷ್ಟವನ್ನು ತುಂಬುವವರಾರು? ಅಂಥ ಊರುಗಳು ಹೆಚ್ಚಿರುವ ಈ ಭಾಗಕ್ಕೆ ಇದು ಕಾಗದದ ಮೇಲಿನ ಪ್ರಶ್ನೆಯಲ್ಲ.

ಸುಮಾರು ಆರುನೂರು ಕಿಲೋಮೀಟರ್ ದೂರದ ಬೆಂಗಳೂರಿನಿಂದ ಇಲ್ಲಿನ ರೂಟು ನಿರ್ಧಾರವಾಗುತ್ತಿದ್ದ ಕಾಲ 2000ದಲ್ಲಿ ಮುಗಿಯಿತು. ಕಲಬುರಗಿಯಲ್ಲೇ ಕೇಂದ್ರ ಕಚೇರಿ ಇರುವ ಈಶಾನ್ಯ ಕರ್ನಾಟಕ ರಸ್ತೆ ಸಾರಿಗೆ ನಿಗಮ ಶುರುವಾಯಿತು. ಹಳೆಯ ಹೈದರಾಬಾದ್ ಪ್ರಾಂತ್ಯದ ಜಿಲ್ಲೆಗಳ ಜೊತೆಗೆ ಬಳ್ಳಾರಿ, ವಿಜಯಪುರಗಳೂ ಇದಕ್ಕೆ ಸೇರಿದವು. 2021ರಿಂದ ಅದರ ಹೆಸರು ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು. ಗುರುತಿನ ಚೀಟಿ ತೋರಿಸಿದ ಹೆಣ್ಣುಮಗಳಿಗೆ ಕಂಡಕ್ಟರ್ ಕೊಡುವುದು ಶೂನ್ಯ ದರದ ಟಿಕೆಟ್. ಕೈಯಲ್ಲಿ ಕಾಸು ಬದಲಾಗದಿದ್ದರೂ ಆ ಟಿಕೆಟ್ ಹರಿಯಲೇಬೇಕು, ಏಕೆಂದರೆ ಅದನ್ನು ಲೆಕ್ಕ ಹಾಕಿಯೇ ಸರ್ಕಾರ ನಿಗಮಕ್ಕೆ ಹಣ ಕೊಡುವುದು. 1950ರ ಕಾಯ್ದೆ ಬಿಡಿಸದೆ ಬಿಟ್ಟ ಗಂಟಿಗೆ ಇಷ್ಟು ನೇರವಾದ ಉತ್ತರ ಹಿಂದೆ ಬಂದಿರಲಿಲ್ಲ. ಹಣ ಹೊತ್ತಿಗೆ ಸರಿಯಾಗಿ ಬರಬೇಕು, ಅಷ್ಟೇ.

ಜೀವದ ಮಾತು ಕಾನೂನಿಗೆ ಬಂದದ್ದು ಕಾಸಿನ ಮಾತಿಗಿಂತ ತಡವಾಗಿ. 2022ರ ಜೂನ್ 3ರ ಬೆಳಿಗ್ಗೆ, ಗೋವಾದಿಂದ ಹೈದರಾಬಾದಿಗೆ ಹೊರಟಿದ್ದ ಖಾಸಗಿ ಬಸ್ಸೊಂದು ಕಮಲಾಪುರದ ಹೊರವಲಯದಲ್ಲಿ ಸರಕು ವಾಹನಕ್ಕೆ ಡಿಕ್ಕಿಯಾಗಿ ರಸ್ತೆಯಿಂದ ಕೆಳಗುರುಳಿತು. ಬೆಂಕಿ ಹತ್ತಿಕೊಂಡಿತು. ಹೊರಬರಲಾಗದೆ ಏಳು ಮಂದಿ ಒಳಗೇ ಸುಟ್ಟುಹೋದರು. ರಜೆ ಕಳೆದು ಮನೆಗೆ ಹೊರಟಿದ್ದ ಕುಟುಂಬದವರು ಅವರು. 2025ರ ಏಪ್ರಿಲ್‌ನಲ್ಲಿ ಜೇವರ್ಗಿ ತಾಲ್ಲೂಕಿನ ನೆಲೋಗಿ ಕ್ರಾಸ್ ಬಳಿ ನಿಂತ ಲಾರಿಗೆ ವ್ಯಾನು ಗುದ್ದಿ ಐವರು ಸತ್ತರು. ಬಾಗಲಕೋಟೆ ಕಡೆಯಿಂದ ಕಲಬುರಗಿಯ ಬಂದೇನವಾಜ್ ದರ್ಗಾಕ್ಕೆ ಹೊರಟಿದ್ದವರು ಅವರು.

ಇಂಥ ಸಾವುಗಳ ಎದುರು ಕರ್ನಾಟಕ ಸುಮ್ಮನೆ ಕುಳಿತಿಲ್ಲ. ಗಾಯಾಳುವನ್ನು ಆಸ್ಪತ್ರೆಗೆ ಸಾಗಿಸಿದವರನ್ನು ಪೊಲೀಸರು, ಕೋರ್ಟು ಕಾಡಬಾರದೆಂದು 2018ರಲ್ಲಿ ಕಾಯ್ದೆ ಮಾಡಿದ ಮೊದಲ ರಾಜ್ಯ ಇದು. ಕೇಂದ್ರದ ಮೋಟಾರು ವಾಹನ ಕಾಯ್ದೆಗೆ ಆ ರಕ್ಷಣೆ ಸೇರಿದ್ದು 2019ರಲ್ಲಿ. 2017ರ ರಸ್ತೆ ಸುರಕ್ಷತಾ ಪ್ರಾಧಿಕಾರ ಕಾಯ್ದೆಯಂತೆ ಹೊಸ ವಾಹನ ಕೊಳ್ಳುವವರು ನೋಂದಣಿ ವೇಳೆಗೆ ಸುರಕ್ಷತಾ ಸೆಸ್ ಕಟ್ಟುತ್ತಾರೆ. ಸುರಕ್ಷತೆಗೆಂದೇ ಮೀಸಲಾದ ಹಣ ಅದು.

ಹಣ ಎತ್ತುವ ಕಾನೂನು ಆಯಿತು. ಅದು ರಸ್ತೆಗೆ ಇಳಿದದ್ದನ್ನು ಜನ ನೋಡಬೇಕು. ಶೂನ್ಯ ಟಿಕೆಟ್ಟಿಗೂ ಲೆಕ್ಕವಿಡುವ ಸರ್ಕಾರ, ಈ ಸೆಸ್ಸಿನಲ್ಲಿ ಕಮಲಾಪುರಕ್ಕೆಷ್ಟು, ನೆಲೋಗಿ ಕ್ರಾಸಿಗೆಷ್ಟು ಖರ್ಚಾಯಿತೆಂದು ಊರೂರಿನ ಲೆಕ್ಕ ಹೊರಗಿಡಲಿ. ರಾತ್ರಿ ಬಸ್ಸುಗಳ ತುರ್ತು ಬಾಗಿಲು ತೆರೆಯುತ್ತದೆಯೇ, ಗಾಜು ಒಡೆಯುವ ಸುತ್ತಿಗೆ ಜಾಗದಲ್ಲಿದೆಯೇ ಎಂದು ಹೆದ್ದಾರಿಯಲ್ಲೇ ನಿಲ್ಲಿಸಿ ತಪಾಸಣೆ ಮಾಡಲಿ. ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯನ್ನು ಇದನ್ನು ಕೇಳುವ ಹಕ್ಕು, ಷೋರೂಮಿನಲ್ಲಿ ಸೆಸ್ ಕಟ್ಟಿ ಬೈಕ್ ತಂದ ಜೇವರ್ಗಿ ಕಾಲೋನಿಯ ಹುಡುಗನಿಗೂ ಇದೆ. ಅವನು ಕೇಳಲಿ.