ಬಾಡಿಗೆದಾರನ ಚರಿತ್ರೆ

ಬ್ರಿಟನ್ನಿನಲ್ಲಿ 1967ರಲ್ಲಿ ಒಂದು ಕಾಯ್ದೆ ಬಂತು. ಹಳೇ ಕಟ್ಟಡಗಳನ್ನು ಬಿಡಿಬಿಡಿಯಾಗಿ ಉಳಿಸಿದರೆ ಸಾಲದು. ಬೀದಿ, ಮರ, ಸಾಲುಮನೆ ಎಲ್ಲ ಸೇರಿದ ಪ್ರದೇಶದ ಗುಣಲಕ್ಷಣವನ್ನೇ ಕಾಪಾಡಬೇಕು ಎಂಬುದು ಅದರ ಆಶಯ. ಈ ‘ಗುಣಲಕ್ಷಣ’ ಎಂಬ ಮಾತು ನನ್ನ ಕಿವಿಗೆ ಬಿದ್ದರೆ ಅನುಮಾನವೇ ಮೊದಲು ಬರುತ್ತದೆ. ನಮ್ಮ ಊರುಗಳಿಗೂ ಒಂದು ಗುಣಲಕ್ಷಣ ಇತ್ತಲ್ಲ. ಅದನ್ನು ಕಾಪಾಡೋದಕ್ಕೇ ತಾನೆ ಕೇರಿಯನ್ನು ಹೊರಗಿಟ್ಟದ್ದು?

ಲಂಡನ್ನಿನ ಕ್ಯಾಮ್ಡೆನ್ ಆಡಳಿತಕ್ಕೆ ಸೇರಿದ ಎಲ್ಸ್‌ವರ್ದಿ ಎಂಬ ಸಂರಕ್ಷಣಾ ಪ್ರದೇಶದಲ್ಲಿ, ಕಿಂಗ್ ಹೆನ್ರೀಸ್ ರಸ್ತೆಯ 10ನೇ ನಂಬರಿನ ಮನೆ ಇದೆ. 1921-22ರಲ್ಲಿ ಅಂಬೇಡ್ಕರ್ ಅಲ್ಲಿದ್ದರು. ಮಾಲೀಕರಾಗಿ ಅಲ್ಲ, ಬಾಡಿಗೆಗೆ. ಅರ್ಧಕ್ಕೆ ನಿಂತಿದ್ದ ಓದು ಮುಗಿಸಲು ಸಂಬಳದಲ್ಲಿ ಉಳಿಸಿದ ದುಡ್ಡು, ಶಾಹು ಮಹಾರಾಜರ ನೆರವು, ಗೆಳೆಯನ ಸಾಲ ಹಿಡಿದು 1920ರಲ್ಲಿ ಹೋದವರು.

ಅದಕ್ಕೆ ಮೂರು ವರ್ಷ ಹಿಂದೆ, 1917ರಲ್ಲಿ, ಕೊಲಂಬಿಯಾದಲ್ಲಿ ಓದಿ ಬಂದಿದ್ದ ಇದೇ ಮನುಷ್ಯನಿಗೆ ಬರೋಡದಲ್ಲಿ ಬಾಡಿಗೆಗೆ ಒಂದು ಕೋಣೆ ಸಿಗಲಿಲ್ಲ. ಪಾರ್ಸಿ ವಸತಿಗೃಹದಲ್ಲಿ ಪಾರ್ಸಿ ಹೆಸರು ಬರೆಸಿ ಇದ್ದರು. ಹನ್ನೊಂದನೇ ದಿನ ದೊಣ್ಣೆ ಹಿಡಿದ ಪಾರ್ಸಿಗಳ ಗುಂಪು ಬಂತು, ಸಂಜೆಯೊಳಗೆ ಖಾಲಿ ಮಾಡು ಅಂತ. ಹಿಂದೂ ಗೆಳೆಯ, ಕ್ರೈಸ್ತ ಗೆಳೆಯ, ಇಬ್ಬರೂ ಏನೇನೋ ಹೇಳಿ ಜಾರಿಕೊಂಡರು. ಇದನ್ನು ಅವರೇ ಬರೆದಿಟ್ಟಿದ್ದಾರೆ.

ಲಂಡನ್ನಿನ ಮನೆಯನ್ನು 2015ರಲ್ಲಿ ಮಹಾರಾಷ್ಟ್ರ ಸರ್ಕಾರ ಕೊಂಡು ಮ್ಯೂಸಿಯಂ ಮಾಡಿತು. ವಾಸದ ಮನೆಯನ್ನು ಮ್ಯೂಸಿಯಂ ಮಾಡಲು ಅನುಮತಿ ಬೇಕಿತ್ತು, ಮೊದಲೇ ಪಡೆದಿರಲಿಲ್ಲ. ಅದು ಸರ್ಕಾರದ ತಪ್ಪೇ. ಬಸ್ಸಿನಲ್ಲಿ ಜನ ಬರ್ತಾರೆ, ಫೋಟೋ ತೆಗೀತಾರೆ, ಗಲಾಟೆ ಅಂತ ನೆರೆಯವರ ದೂರು. 2018ರಲ್ಲಿ ಕೌನ್ಸಿಲ್ ಅನುಮತಿ ನಿರಾಕರಿಸಿತು. ಕಾರಣ: ವಾಸಕ್ಕಿದ್ದ ಜಾಗ ನಷ್ಟವಾಗುತ್ತದೆ. 2019ರಲ್ಲಿ ವಿಚಾರಣೆ ನಡೆದು, 2020ರ ಮಾರ್ಚಿನಲ್ಲಿ ಅಲ್ಲಿನ ಸಚಿವರು ಮ್ಯೂಸಿಯಂ ಪರ ತೀರ್ಮಾನ ಕೊಟ್ಟರು.

ಆ ನೆರೆಯವರನ್ನು ಜಾತಿವಾದಿಗಳೆಂದು ಕರೆಯಲು ನನ್ನ ಬಳಿ ಆಧಾರವಿಲ್ಲ. ಲಂಡನ್ನಿನಲ್ಲಿ ಮನೆಗಳ ಕೊರತೆ ನಿಜ. ಆದರೆ ಡಿಸೆಂಬರ್ 6ಕ್ಕೆ ದಾದರಿನ ಚೈತ್ಯಭೂಮಿಗೆ ಬರುವವರ ಬಗ್ಗೆಯೂ ಇದೇ ಮಾತು ಕೇಳಿದ್ದೇವೆ: ಜನ ಜಾಸ್ತಿ, ಗಲಾಟೆ ಜಾಸ್ತಿ. ಗೋಡೆ, ಕಿಟಕಿ, ಹೆಬ್ಬಾಗಿಲು ಪರಂಪರೆ. ನೋಡಲು ಬಂದವರು ಮಾತ್ರ ಗಲಾಟೆ.

ಕ್ಲಾಸಿನಲ್ಲಿ ಇದನ್ನು ಹೇಳಿದಾಗ ಒಬ್ಬ ಹುಡುಗ ಎದ್ದು ಕೇಳಿದ: “ಒಂದು ವರ್ಷ ಬಾಡಿಗೆಗಿದ್ದುದ್ದೂ ಚರಿತ್ರೆನಾ ಸಾ? ನಮ್ಮ ತಾತ ಇದ್ದ ಗುಡಿಸಲಿಗೆ ಪತ್ರಾನೇ ಇರ್ಲಿಲ್ಲ.” ಅರಮನೆ, ಕೋಟೆಗಳ ಪಟ್ಟಿ ಓದಿಸುವ ನನ್ನಲ್ಲಿ ತಕ್ಷಣ ಉತ್ತರ ಇರಲಿಲ್ಲ. ಪತ್ರ ಇದ್ದವರದ್ದೇ ಚರಿತ್ರೆ ಅನ್ನೋದಾದರೆ ಕಿಂಗ್ ಹೆನ್ರೀಸ್ ರಸ್ತೆಯ ಆ ಮನೆಗೂ ಅಂಬೇಡ್ಕರ್‌ಗೂ ಸಂಬಂಧವೇ ಇಲ್ಲ. ಅಲ್ಲಿಗೆ ಹೋಗುವ ಜನಕ್ಕೆ ಅದನ್ನು ಕಟ್ಟಿಸಿದವನ ಹೆಸರು ಬೇಕಿಲ್ಲ.

ಬರೋಡದಲ್ಲಿ ಉಳಿಸೋದಕ್ಕೆ ಒಂದು ಬಾಡಿಗೆ ಕೋಣೆಯೂ ಇಲ್ಲ. ಅವತ್ತು ಸಂಜೆ ರೈಲಿನ ಹೊತ್ತಿನವರೆಗೆ ಅವರು ಪಾರ್ಕಿನಲ್ಲಿ ಕೂತಿದ್ದರು. ಜನ ಈಗ ಆ ಪಾರ್ಕಿಗೇ ಹೋಗುತ್ತಾರೆ, ಮರ ನೋಡಲು.