ಗಿರ್ಮಿಟ್ ಅಂದ್ರೆ ಬರೀ ಮಂಡಕ್ಕಿ ಅಲ್ಲ

ಫೋನಿಗೆ ಹೊಸ ಆ್ಯಪ್ ಹಾಕಿಕೊಂಡರೆ ‘ಐ ಅಗ್ರೀ’ ಒತ್ತಿ ಅನ್ನುತ್ತದೆ. ಓದದೆ ಒತ್ತುತ್ತೇವೆ. ಈ ‘ಅಗ್ರೀ’ ಎಲ್ಲಿಂದ ಬಂತು ಎಂದು ಹುಡುಕುತ್ತಾ ಹೋದ ನಾವು ಕೊನೆಗೆ ತಲುಪಿದ್ದು ಫಿಜಿ ದ್ವೀಪದ ಕಬ್ಬಿನ ಗದ್ದೆಗೆ.

ಈ ಪದ ಇಂಗ್ಲಿಷಿಗೆ ಬಂದದ್ದು ಹಳೆಯ ಫ್ರೆಂಚಿನಿಂದ. ಅದರ ಬೇರು ಲ್ಯಾಟಿನ್ನಿನ ‘ಗ್ರಾತುಸ್’, ಅಂದರೆ ಮನಸ್ಸಿಗೆ ಹಿಡಿಸಿದ್ದು. ನಮ್ಮ ‘ಒಪ್ಪು’ ಕೂಡ ಹೀಗೇ. ಮಾತಿಗೆ ಒಪ್ಪುತ್ತೇವೆ, ಸೀರೆಯೂ ಮೈಗೆ ಒಪ್ಪುತ್ತದೆ. ಹೇಳಿದಂತೆ ನಡೆಯುವುದಕ್ಕೆ ಇಂಗ್ಲಿಷಿನಲ್ಲಿ ‘ಒಬೇ’ ಅನ್ನುತ್ತಾರೆ. ಅದರ ಬೇರಿನಲ್ಲಿರುವುದು ಕಿವಿಗೊಡುವುದು. ನಾವು ಮಕ್ಕಳಿಗೆ ‘ಮಾತು ಕೇಳು’ ಅನ್ನುವುದಿಲ್ಲವೇ? ಬ್ಯಾಂಕಿನವರ ಬಾಯಲ್ಲಿ ಸದಾ ಇರುವ ‘ಕಂಪ್ಲಯನ್ಸ್’ ಪದದ ಮೂಲಾರ್ಥ ತುಂಬುವುದು, ಪೂರ್ತಿ ಮಾಡುವುದು. ಷರತ್ತು ‘ಪೂರೈಸಿ’ ಅನ್ನುವಾಗ ನಾವು ಹೇಳುವುದೂ ಅದನ್ನೇ.

ಪದಗಳೇನೋ ಮೆತ್ತಗಿವೆ. ಕಾಗದದ ಮೇಲೆ ಬಂದಾಗ ಬೇರೆಯೇ ಆದವು.

ಬ್ರಿಟಿಷರು 1833ರಲ್ಲಿ ಗುಲಾಮಗಿರಿ ರದ್ದು ಮಾಡುವ ಕಾಯ್ದೆ ತಂದರು. ಆದರೆ ಕಬ್ಬಿನ ತೋಟಗಳಿಗೆ ಆಳು ಬೇಕಿತ್ತು. ಹಾಗಾಗಿ ಭಾರತದ ಹಳ್ಳಿಗಳಿಂದ ಜನರನ್ನು ಐದು ವರ್ಷದ ಕರಾರಿನ ಮೇಲೆ ಹಡಗು ಹತ್ತಿಸಿದರು. ಆ ಕರಾರಿಗೆ ‘ಇಂಡೆಂಚರ್’ ಎಂದು ಹೆಸರು. ಅದರ ಬೇರು ಹಲ್ಲು! ಹಿಂದಿನ ಕಾಲದಲ್ಲಿ ಒಂದೇ ಹಾಳೆಯ ಮೇಲೆ ಕರಾರನ್ನು ಎರಡು ಸಲ ಬರೆದು, ನಡುವೆ ಹಲ್ಲುಹಲ್ಲಾಗಿ ಕತ್ತರಿಸಿ ಆಚೆಯವರಿಗೊಂದು ಈಚೆಯವರಿಗೊಂದು ಕೊಡುತ್ತಿದ್ದರು. ಜೋಡಿಸಿದಾಗ ಹಲ್ಲು ಕೂಡಿದರೆ ಕಾಗದ ಅಸಲಿ.

ಫಿಜಿಯೊಂದಕ್ಕೇ 1879ರಿಂದ 1916ರವರೆಗೆ ಸುಮಾರು 60 ಸಾವಿರ ಜನ ಹೋದರು. ಮೊದಲು ಕಲ್ಕತ್ತೆಯಿಂದ, ಆಮೇಲೆ ಮದ್ರಾಸಿನಿಂದಲೂ. ಬಹುಪಾಲು ಜನರಿಗೆ ಓದು ಬರುತ್ತಿರಲಿಲ್ಲ. ಕಾಗದದಲ್ಲಿದ್ದ ದಿನಗೂಲಿ ಗಂಡಸರಿಗೆ ಒಂದು ಶಿಲ್ಲಿಂಗ್, ಅಂದರೆ 12 ಪೆನ್ಸ್. ಹೆಂಗಸರಿಗೆ 9 ಪೆನ್ಸ್. ಅದೂ ಕೊಟ್ಟ ಕೆಲಸ ಮುಗಿಸಿದರೆ ಮಾತ್ರ. ಮುಗಿಸದಿದ್ದರೆ ಕೋರ್ಟು, ದಂಡ, ಜೈಲು. ಇಷ್ಟವಾಗದಿದ್ದರೆ ಬಿಟ್ಟು ಬರುವ ದಾರಿ ಆ ‘ಒಪ್ಪಂದ’ದಲ್ಲಿ ಇರಲಿಲ್ಲ. ಇದನ್ನು ಒಪ್ಪಿಗೆ ಅನ್ನಲು ನಮಗಂತೂ ಮನಸ್ಸು ಬರುವುದಿಲ್ಲ.

‘ಅಗ್ರಿಮೆಂಟ್’ ಅವರ ಬಾಯಲ್ಲಿ ‘ಗಿರ್ಮಿಟ್’ ಆಯಿತು. ಹುಬ್ಬಳ್ಳಿ-ಧಾರವಾಡದ ಗಿರ್ಮಿಟ್ ತಿಂದವರಿಗೆ ಈ ಹೆಸರು ಕೇಳಿದರೆ ನಗು ಬಂದೀತು, ಆದರೆ ಇದು ಆ ಗಿರ್ಮಿಟ್ ಅಲ್ಲ. ಹೆಬ್ಬೆಟ್ಟು ಒತ್ತಿ ಹೋದವರು ‘ಗಿರ್ಮಿಟಿಯಾ’ ಎನಿಸಿಕೊಂಡರು.

ಉಳಿದಿದ್ದ ಕರಾರುಗಳು ರದ್ದಾದದ್ದು 1920ರ ಜನವರಿ 1ರಂದು. ಹೆಚ್ಚಿನವರು ಊರಿಗೆ ಮರಳಲೇ ಇಲ್ಲ. ಮೊದಲ ಹಡಗು ಲಿಯೋನಿಡಾಸ್ ಫಿಜಿ ಮುಟ್ಟಿದ್ದು 1879ರ ಮೇ 14ರಂದು. ಅದರ ನೆನಪಿಗೆ ಅಲ್ಲಿ ಗಿರ್ಮಿಟ್ ದಿನ ಆಚರಿಸುತ್ತಾರೆ. 2023ರಲ್ಲಿ ಅದಕ್ಕೆ ಸರ್ಕಾರಿ ರಜೆಯನ್ನೂ ಕೊಟ್ಟರು.